ಉದ್ರಿ ಕೊಟ್ಟ ನಂಬರ್ ಒನ್

ಕಳೆದ ತಿಂಗಳು ನಾನು ಮೂವರು ಗೆಳೆಯರನ್ನು ಕಳೆದುಕೊಂಡೆ.

ಗಾಬರಿಯಾಗಬೇಡಿ, ಮೂವರೂ ಗಟ್ಟಿಮುಟ್ಟಾಗಿದ್ದಾರೆ. ಒಬ್ಬ ಬೆಳಿಗ್ಗೆ ವಾಕಿಂಗ್ ಬರುವಾಗ ನನ್ನನ್ನು ಕಂಡರೆ ಎದುರಿನ ಫುಟ್‌ಪಾತಿಗೆ ದಾಟಿಬಿಡುತ್ತಾನೆ. (ನಮ್ಮ ಶಹಾಬಾದಿನ ಆ ರಸ್ತೆಯಲ್ಲಿ ಫುಟ್‌ಪಾತ್ ಇಲ್ಲ. ಅವನು ದಾಟುವುದು ಚರಂಡಿಯನ್ನು. ಅಷ್ಟು ಸಿಟ್ಟು.) ಇನ್ನೊಬ್ಬ ವಾಟ್ಸ್ಯಾಪ್ ಗ್ರೂಪಿನಿಂದ ‘ಲೆಫ್ಟ್’ ಆಗಿದ್ದಾನೆ. ಮೂರನೆಯವನ ಮನೆಯಿಂದ ಪ್ರತಿ ತಿಂಗಳು ಬರುತ್ತಿದ್ದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಈ ಸಲ ಬಂದಿಲ್ಲ. ಮೊದಲಿನ ಎರಡು ನಷ್ಟವನ್ನು ನನ್ನ ಹೆಂಡತಿ ಕ್ಷಮಿಸಿದ್ದಾಳೆ. ಹಿಂಡಿಯದನ್ನು ಕ್ಷಮಿಸಿಲ್ಲ.

ಕಾರಣ ಏನು ಅಂತೀರಿ? ಹತ್ತು ಹೆಸರು.

ನಮ್ಮ ಊರಿನ ಕ್ರಿಕೆಟ್ ಟೀಮಿನ ಇತಿಹಾಸದಲ್ಲೇ ಅತಿ ಶ್ರೇಷ್ಠರಾದ ಹತ್ತು ಆಟಗಾರರು ಯಾರು, ಒಂದರಿಂದ ಹತ್ತರವರೆಗೆ ನಂಬರ್ ಹಾಕಿಕೊಡಿ ಅಂತ ನನ್ನನ್ನು ಕೇಳಿದ್ದರು. ಬುದ್ಧಿ ಇದ್ದವರು ಯಾರಾದರೂ ಒಪ್ಪುತ್ತಾರೆಯೇ? ನಾನು ಒಪ್ಪಿದೆ.

ಕೇಳಿದವಳು ಜ್ಯೋತಿ. ನಮ್ಮ ಹಳೆಯ ಕ್ಯಾಪ್ಟನ್ ಶರಣಪ್ಪಣ್ಣನ ಮಗಳು. ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಹಳೇ ಗ್ರೌಂಡಿಗೆ ಕಂಪೌಂಡ್ ಹಾಕಿಸಿ, ಹೊಸ ಪಿಚ್ ಮಾಡಿಸಿ, ಹೆಣ್ಣುಮಕ್ಕಳೂ ಬಂದು ಆಡುವಂತೆ ಮಾಡಬೇಕು ಅಂತ ಓಡಾಡುತ್ತಿರುವವಳು ಅವಳೇ. ಹಳೇ ಪಿಚ್ಚನ್ನು ಕಿತ್ತು, ಅದರಲ್ಲೊಂದು ಕಲ್ಲನ್ನು ಗೇಟಿನ ಹತ್ತಿರ ನಿಲ್ಲಿಸಿ, ಅದರ ಮೇಲೆ ಹತ್ತು ಹೆಸರು ಕೆತ್ತಿಸುವುದು ಅವಳ ಯೋಜನೆ.

“ಕಾಕಾ, ನೀವು ಪೇಪರ್‌ನಾಗ ಬರೀತೀರಿ. ಯಾರಿಗೂ ಸಿಟ್ಟು ಬರದಂಗ ನೀವೇ ಲಿಸ್ಟ್ ಮಾಡಿಕೊಡ್ರಿ” ಅಂದಳು.

ಪೇಪರಿನಲ್ಲಿ ಬರೆಯುವವನಿಗೆ ಯಾರಿಗೂ ಸಿಟ್ಟು ಬರದಂತೆ ಬರೆಯಲು ಬರುತ್ತದೆ ಅಂತ ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಕಿತ್ತು ನಿಲ್ಲಿಸುವ ಕಲ್ಲು ಯಾವುದು, ಪಿಚ್ಚಿನಲ್ಲಿ ಕಲ್ಲು ಯಾಕೆ ಬಂತು ಅಂತ ಬೇರೆ ಊರಿನ ಓದುಗರು ಕೇಳಬಹುದು. ಹೇಳುತ್ತೇನೆ. ನಮ್ಮ ಕಡೆ ನೆಲದಲ್ಲಿ ಸಿಗುವುದು ಎರಡೇ. ಮೇಲೆ ಎರೆಮಣ್ಣು, ಕೆಳಗೆ ಕಲ್ಲು. ಎರೆಮಣ್ಣಿನಲ್ಲಿ ತೊಗರಿ ಬೆಳೆಯಬಹುದು, ಕ್ರಿಕೆಟ್ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಅದು ಚಪ್ಪಲಿ ನುಂಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಾಲನ್ನೇ ನುಂಗುತ್ತದೆ. ಅದಕ್ಕೇ ನಮಗಿಂತ ಹಿರಿಯರು ಕಲ್ಲಿನ ಖಣಿಯ ಮಾಲೀಕರೊಬ್ಬರನ್ನು ಕಾಡಿ ಬೇಡಿ ಫರಸಿ ತಂದು, ಸಾಲಾಗಿ ಹಾಸಿ ಪಿಚ್ ಮಾಡಿದ್ದರು. ಫರಸಿ ಅಂದರೆ ಅದೇ, ನಿಮ್ಮ ಅಜ್ಜಿಯ ಅಡುಗೆಮನೆಯಲ್ಲೋ ನಿಮ್ಮೂರಿನ ರೈಲು ಸ್ಟೇಷನ್ನಿನಲ್ಲೋ ಹಾಸಿರುವ ಶಹಾಬಾದ್ ಕಲ್ಲು. ಜಗತ್ತಿನವರು ಅದರ ಮೇಲೆ ನಡೆದಾಡುತ್ತಾರೆ. ನಾವು ಟೆನಿಸ್ ಬಾಲ್ ಹಾಕಿ ಆಡುತ್ತಿದ್ದೆವು. ಟೀಮಿನ ಹೆಸರೂ ‘ಫರಸಿ ಇಲೆವೆನ್’.

ಬಿಸಿಲಿಗೆ ಕಲ್ಲು ಕಾದರೆ ಅದರ ಮೇಲೆ ರೊಟ್ಟಿ ಸುಡಬಹುದಿತ್ತು. ಮ್ಯಾಚಿಗೆ ಮುಂಚೆ ಎರಡೂ ಟೀಮಿನವರು ಕೊಡಪಾನದಲ್ಲಿ ನೀರು ತಂದು ಸುರಿಯುತ್ತಿದ್ದೆವು. ಚುಂಯ್ ಅಂತ ಸದ್ದಾಗಿ ಒಂದು ವಾಸನೆ ಏಳುತ್ತಿತ್ತು. ಈಗಲೂ ಯಾರಾದರೂ ಅಂಗಳ ತೊಳೆಯುವಾಗ ಆ ವಾಸನೆ ಬಂದರೆ ನನಗೆ ಬ್ಯಾಟು ನೆನಪಾಗುತ್ತದೆ. (ಹಿಡಿದದ್ದು ಕಡಿಮೆ. ನಾನು ಕೊನೆಯವನಾಗಿ ಇಳಿಯುತ್ತಿದ್ದೆ. ಇಳಿದಷ್ಟೇ ವೇಗದಲ್ಲಿ ಹತ್ತಿ ಬರುತ್ತಿದ್ದೆ.)

ಇರಲಿ. ಲಿಸ್ಟ್ ಶುರು ಮಾಡಿದೆ. ಮೊದಲ ದಿನ ಭಾರೀ ಖುಷಿ. ಹಳೇ ಹೆಸರುಗಳು ಒಂದೊಂದೇ ಎದ್ದು ಬಂದವು. ಖಣಿಯ ಹೊಂಡಕ್ಕೆ ಸಿಕ್ಸರ್ ಹೊಡೆದು, ಆಮೇಲೆ ತಾನೇ ಈಜಿ ಬಾಲ್ ತರುತ್ತಿದ್ದ ಚಂದ್ರು. ಚಿಂಚೋಳಿಯವರು ಬ್ಯಾಟಿಂಗ್ ಮಾಡುವಾಗ ಹಿಂದಿನಿಂದ ತೆಲುಗಿನಲ್ಲಿ ಅವರ ಮನೆಯವರನ್ನೆಲ್ಲ ವಿಚಾರಿಸುತ್ತಾ ಔಟ್ ಮಾಡಿಸುತ್ತಿದ್ದ ಕೀಪರ್ ತಿಮ್ಮಣ್ಣ. ಗ್ರೂಪಿನಲ್ಲಿ ಹಾಕಿದೆ. ಎಲ್ಲರೂ ಹೆಬ್ಬೆರಳು ತೋರಿಸಿದರು.

ಎರಡನೇ ದಿನ ನಂಬರ್ ಹಾಕಿದೆ. ಅಲ್ಲಿಂದ ಹೆಬ್ಬೆರಳು ನಿಂತವು. ಆರನೇ ನಂಬರಿನವ ನಾಲ್ಕನೆಯವನಿಗಿಂತ ತಾನು ಹೇಗೆ ಕಡಿಮೆ ಅಂತ ವಾಯ್ಸ್ ಮೆಸೇಜ್ ಕಳಿಸಿದ. ಹನ್ನೊಂದನೆಯವನಾಗಿ ಹೊರಗುಳಿದವ ತನ್ನ ಕೈಯ ಮುರಿದ ಬೆರಳಿನ ಫೋಟೋ ಹಾಕಿದ. ನಲವತ್ತು ವರ್ಷ ಕ್ರಿಕೆಟ್ಟಿನ ಮಾತೇ ಎತ್ತದ ಜನ, ಮೊಮ್ಮಕ್ಕಳನ್ನು ಕಂಡವರು, ಶುಗರ್ ಬಿಪಿ ಇದ್ದವರು. ಹೀಗೆ ಮೂವರು ಹೋದರು.

ಒಂದು ವಿಷಯದಲ್ಲಿ ಮಾತ್ರ ಜಗಳವೇ ಇರಲಿಲ್ಲ. ನಂಬರ್ ಒನ್ ಶರಣಪ್ಪಣ್ಣ. ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕ್ಯಾಪ್ಟನ್, ನಮ್ಮ ಓಪನರ್, ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದವರು. ಮೀಸೆಗೆ ಈಗ ಬಣ್ಣ ಹಚ್ಚುವುದಿಲ್ಲ ಎನ್ನುವುದೊಂದು ಬಿಟ್ಟರೆ ಆಗಿನಂತೆಯೇ ಇದ್ದಾರೆ.

ಲಿಸ್ಟ್ ತೋರಿಸಲು ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಕನ್ನಡಕ ಏರಿಸಿ ಓದಿದರು. ತಮ್ಮ ಹೆಸರು ನೋಡಿ ನೋಡದವರಂತೆ ಮುಂದೆ ಹೋದರು. ಐದನೆಯ ಹೆಸರಿನ ಹತ್ತಿರ ಬೆರಳು ನಿಂತಿತು.

“ಇದ್ಯಾಕ ಹಾಕೀದಿ?”

ಅಲ್ಲಿದ್ದ ಹೆಸರು ರಸೂಲ್.

“ಅಣ್ಣಾ, ಅಂಥಾ ಬೌಲರ್ ನಮ್ಮ ಕಡೆ ಮತ್ತ ಹುಟ್ಟಿಲ್ಲ” ಅಂದೆ.

“ಬೌಲರ್ ಇರಬಹುದು. ನಮ್ಮ ಟೀಮಿನಾಗ ಯಾವಾಗ ಇದ್ದ? ಮನೆಗೆ ಮಾರಿ, ಊರಿಗೆ ಉಪಕಾರಿ. ತಗಿ.”

ಹೆಸರು ತೆಗೆಯದೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಬಂದೆ. ಆದರೆ ದಾರಿಯುದ್ದಕ್ಕೂ ಯೋಚಿಸಿದೆ. ಶರಣಪ್ಪಣ್ಣ ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಮ್ಮಲ್ಲೊಂದು ಪದ್ಧತಿ ಇತ್ತು. ಎದುರಿನ ಟೀಮಿನಲ್ಲಿ ಆಟಗಾರ ಕಡಿಮೆ ಬಿದ್ದರೆ ನಾವೇ ಒಬ್ಬನನ್ನು ಕೊಡುತ್ತಿದ್ದೆವು. ಹಾಗೆ ಹೋದವನಿಗೆ ‘ಉದ್ರಿ ಪ್ಲೇಯರ್’, ಅಂದರೆ ಸಾಲಕ್ಕೆ ಕೊಟ್ಟ ಆಟಗಾರ, ಅಂತ ಹೆಸರು. ಎದುರಿನವರಿಗೆ ಕಡಿಮೆ ಬೀಳದ ಮ್ಯಾಚೇ ಇರಲಿಲ್ಲ ಅಂದರೂ ನಡೆಯುತ್ತದೆ. ಚಿತ್ತಾಪುರದವರು, ಸೇಡಂನವರು ಪ್ಯಾಸೆಂಜರ್ ಗಾಡಿಯಲ್ಲಿ ಬಂದು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಚಾ ಕುಡಿಯಲು ಇಳಿದವನೊಬ್ಬ ಅಲ್ಲೇ ಉಳಿಯುತ್ತಿದ್ದ. ಅದು ಸೂರ್ಯ ಮೂಡಿದಷ್ಟು ಖಾತ್ರಿ. ವಾಡಿಯವರಿಗೆ ಗಾಡಿ ಬದಲಿಸುವ ಕಷ್ಟ ಇರಲಿಲ್ಲ, ಆದರೆ ಅವರಲ್ಲಿ ಅರ್ಧ ಜನ ರೈಲ್ವೇ ಡ್ಯೂಟಿಯ ಮೇಲೆ ಇರುತ್ತಿದ್ದರು. ಚಿಂಚೋಳಿಯವರ ಟೆಂಪೊ ದಾರಿಯಲ್ಲಿ ನಿಂತುಬಿಡುತ್ತಿತ್ತು.

ಈಗ ಟಿ.ವಿ.ಯಲ್ಲಿ ಆಟಗಾರರನ್ನು ಹರಾಜು ಹಾಕುವುದು ನೋಡುತ್ತೇವೆ. ನಾವು ಒಂದು ಕಪ್ ಚಾದ ಮೇಲೆ ಕೊಟ್ಟುಬಿಡುತ್ತಿದ್ದೆವು.

ಹಾಗೆ ಕೊಡುವಾಗ ಶರಣಪ್ಪಣ್ಣ ಸುತ್ತ ಒಮ್ಮೆ ನೋಡಿ, ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು. “ರಸೂಲ್, ನೀ ಹೋಗು.”

ರಸೂಲ್ ಭಾಯ್ ಹೋಗುತ್ತಿದ್ದರು. ಸಪೂರ ಮೈ, ಉದ್ದ ಕೈ. ಎರಡು ಫರಸಿಗಳ ನಡುವಿನ ಸಂದಿನ ಮೇಲೆ ಬಾಲ್ ಬೀಳಿಸುವ ಕಲೆ ಅವರೊಬ್ಬರಿಗೇ ಸಿದ್ಧಿಸಿತ್ತು. ಕಲ್ಲಿನ ಮೇಲೆ ಬಿದ್ದರೆ ಬಾಲ್ ನೆಟ್ಟಗೆ ಬರುತ್ತದೆ. ಸಂದಿನ ಮೇಲೆ ಬಿದ್ದರೆ? ಒಮ್ಮೆ ಪಾದಕ್ಕೆ, ಒಮ್ಮೆ ಮೂಗಿಗೆ. ಆ ಊರಿನವರ ಟೋಪಿ ಹಾಕಿಕೊಂಡು, ನಮ್ಮದೇ ಪಿಚ್ಚಿನ ಮೇಲೆ, ನಮ್ಮನ್ನೇ ಸಾಲಾಗಿ ಔಟ್ ಮಾಡುತ್ತಿದ್ದರು. ಆಟ ಮುಗಿದ ಮೇಲೆ ಟೋಪಿ ಮರಳಿಸಿ, ನಮ್ಮ ಜೊತೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು. ಹಳೇ ಫೋಟೋಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ ರಸೂಲ್ ಭಾಯ್ ಎದುರಿನ ಟೀಮಿನ ಸಾಲಿನಲ್ಲೇ ನಿಂತಿದ್ದಾರೆ.

ಶರಣಪ್ಪಣ್ಣ ಮತ್ತು ರಸೂಲ್ ಭಾಯ್ ಒಂದೇ ಓಣಿಯವರು, ಒಂದೇ ಬೆಂಚಿನವರು. ಇವರು ಅವರಿಗೆ ‘ಲೇ ರಸೂಲ್ಯಾ’, ಅವರು ಇವರಿಗೆ ‘ಲೇ ಶರಣ್ಯಾ’. ಹೀಗಿದ್ದದ್ದು ಕೆಟ್ಟದ್ದು ಒಂದು ಫೈನಲ್ಲಿನಿಂದ.

ನಾವೇ ನಡೆಸಿದ ಟೂರ್ನಮೆಂಟು. ಎದುರಿಗೆ ಸೇಡಂ. ವಾಡಿಯಲ್ಲಿ ಎಂದಿನಂತೆ ಒಬ್ಬ ಚಾಕ್ಕೆ ಇಳಿದಿದ್ದ. ಫೈನಲ್ ಆದರೇನು, ಪದ್ಧತಿ ಪದ್ಧತಿಯೇ. “ರಸೂಲ್, ನೀ ಹೋಗು.” ಹೋದರು. ಕೊನೆಯ ಓವರಿನಲ್ಲಿ ನಾವು ಗೆದ್ದೇಬಿಟ್ಟೆವು ಅನ್ನುವಾಗ ರಸೂಲ್ ಭಾಯ್ ಕೈಗೆ ಬಾಲ್ ಬಂತು. ಸಂದಿನ ಮೇಲೆ ಬಿತ್ತು. ಶರಣಪ್ಪಣ್ಣನ ಸ್ಟಂಪ್ ಹಾರಿತು.

ಸೇಡಂನವರು ರಸೂಲ್ ಭಾಯ್‌ರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಶೀಲ್ಡು ಅವರ ಕೈಗೆ ಹೋಯಿತು. ಎಲ್ಲ ಮುಗಿದು ರಸೂಲ್ ಭಾಯ್ ನಮ್ಮ ಕಡೆ ಬಂದು ಕೂರುವ ಹೊತ್ತಿಗೆ ಶರಣಪ್ಪಣ್ಣ ಎಲ್ಲರ ಎದುರಿಗೆ ಅಂದರು, “ಹೋಗ್ರಿ ರಸೂಲ್ ಸಾಹೇಬ್ರ, ನಿಮ್ಮ ಸೇಡಂ ಗಾಡಿ ಹೊಂಟದ.”

ಅವರ ಮನೆ ಇದ್ದದ್ದು ಗ್ರೌಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ರಸೂಲ್ ಭಾಯ್ ಚಪ್ಪಲಿ ಮೆಟ್ಟಿ ಎದ್ದು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅವತ್ತು ನನ್ನ ಕಣ್ಣೆದುರಿಗೇ ಎರಡೂ ಹೋದವು.

ಆಮೇಲೆ ಅವರಿಗೆ ಮಾಸ್ತರಿಕೆ ಸಿಕ್ಕಿತು. ಚಿಂಚೋಳಿ ಕಡೆಯ ಕೊಡ್ಲಿ, ಸೇಡಂ ಕಡೆಯ ಆಡಕಿ, ಹೀಗೆ ಊರೂರು ವರ್ಗ ಆಗಿ, ಲೆಕ್ಕ ಕಲಿಸಿ, ನಿವೃತ್ತರಾಗಿ ಶಹಾಬಾದಿಗೇ ಮರಳಿದ್ದಾರೆ. ಮದುವೆ ಮುಂಜಿಗಳಲ್ಲಿ ಇಬ್ಬರೂ ಸಿಗುತ್ತಾರೆ. “ಆರಾಮ್ರೀ?” “ಆರಾಮ್ ರೀ, ನೀವು?” ಅಷ್ಟೇ. ಜೊತೆಗೆ ಚಡ್ಡಿ ಹಾಕಿಕೊಂಡು ಬೆಳೆದವರ ನಡುವೆ ಆ ‘ರೀ’ ಕೇಳಿದಾಗಲೆಲ್ಲ ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಹಾಗಾದರೆ ಲಿಸ್ಟಿನಲ್ಲಿ ಅವರ ಹೆಸರು ಇರಬೇಕೇ, ಬೇಡವೇ?

ನನಗೆ ತೋಚಲಿಲ್ಲ. ಹಳೇ ಎದುರಾಳಿಗಳನ್ನು ಕೇಳೋಣ ಅನ್ನಿಸಿತು. ಸೇಡಂನ ಅಂದಿನ ಕ್ಯಾಪ್ಟನ್ ವೆಂಕಟರೆಡ್ಡಿಯವರಿಗೆ ಫೋನ್ ಮಾಡಿದೆ. ಹೀಗೀಗೆ, ಲಿಸ್ಟ್ ಮಾಡುತ್ತಿದ್ದೇನೆ ಅಂದೆ.

“ನಮ್ಮದು ಹೋದ ವರ್ಷನೇ ಆಗ್ಯದ ರೀ” ಅಂದರು. “ಎಲ್ಲರೂ ಕೂಡಿದ್ವಿ, ಕೈ ಎತ್ತಿಸಿ ನಂಬರ್ ಹಾಕೀವಿ.”

“ನಿಮ್ಮ ನಂಬರ್ ಒನ್ ಯಾರು?”

“ಅದೇನು ಕೇಳ್ತೀರಿ? ರಸೂಲ್ ಭಾಯ್.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. “ಅವರು ಶಹಾಬಾದಿನವರಲ್ಲೇನ್ರಿ?” ಅಂತ ಮೆಲ್ಲಗೆ ಕೇಳಿದೆ.

“ಇರಲಿ ಬಿಡ್ರಿ. ನಮ್ಮ ಶೀಲ್ಡು ಯಾರು ಗೆದ್ದುಕೊಟ್ರು? ನಮ್ಮ ಊರಾಗ ಹುಟ್ಟಿದವರು ವಾಡ್ಯಾಗ ಚಾ ಕುಡೀಲಿಕತ್ತಿದ್ರು.”

ಚಿತ್ತಾಪುರಕ್ಕೆ ಮಾಡಿದೆ. ಅಲ್ಲಿ ಲಿಸ್ಟ್ ಗಿಸ್ಟ್ ಇಲ್ಲ, ಆದರೆ ಹಳೇ ಕೀಪರ್ ಒಬ್ಬರು ಕಣ್ಣು ಮುಚ್ಚಿಕೊಂಡು ಐದು ಹೆಸರು ಹೇಳಿದರು (ಫೋನಿನಲ್ಲಿ ಕಣ್ಣು ಕಾಣಲಿಲ್ಲ, ದನಿ ಹಾಗಿತ್ತು). ಎರಡನೆಯದು ರಸೂಲ್. ವಾಡಿಯವರಂತೂ ರಸೂಲ್ ಭಾಯ್ ವಾಡಿಯವರೇ ಅಂದುಕೊಂಡಿದ್ದರು. “ರೈಲ್ವೇ ಕ್ವಾರ್ಟರ್ಸಿನ ಹುಡುಗ ಅಲ್ಲೇನ್ರಿ ಅಂವ?” ಅಂತ ನನ್ನನ್ನೇ ಕೇಳಿದರು.

ಎಲ್ಲ ಊರಿನ ಲಿಸ್ಟಿನಲ್ಲೂ ಇರುವ ಮನುಷ್ಯ ತನ್ನ ಊರಿನ ಲಿಸ್ಟಿನಲ್ಲಿ ಮಾತ್ರ ಇರಬಾರದಂತೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದವರು ನಮ್ಮ ಗ್ರೌಂಡಿನ ಆಸುಪಾಸಿನಲ್ಲೇ ಎಲ್ಲೋ ಇದ್ದಿರಬೇಕು.

ಆ ಸಂಜೆ ರಸೂಲ್ ಭಾಯ್ ಮನೆಗೆ ಹೋದೆ. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. “ಬಾ ಮಲ್ಲು, ಕುಂದ್ರು” ಅಂದರು. ಚಾ ಬಂತು. ನಾನು ಸುತ್ತಿ ಬಳಸಿ ವಿಷಯಕ್ಕೆ ಬರುವ ಮೊದಲೇ ಅವರೇ ಅಂದರು.

“ಲಿಸ್ಟ್ ಮಾಡಾಕತ್ತೀಯಂತ. ನಂದು ಹಾಕಬ್ಯಾಡ.”

“ಯಾಕ ಭಾಯ್?”

“ಶರಣಪ್ಪನವರಿಗೆ ತ್ರಾಸ ಆಗ್ತದ.”

ನಾನು ಸೇಡಂನ ಸುದ್ದಿ ಹೇಳಿದೆ. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಅವರು ಚಾದ ಕಪ್ಪನ್ನು ಕೆಳಗಿಟ್ಟರು.

“ಅವರು ಒನ್ ಅಂದ್ರೇನು, ಟೂ ಅಂದ್ರೇನು. ಅರೇ ಮಲ್ಲು, ನಾ ಆಡಬೇಕಂತಿದ್ದದ್ದು ಫರಸಿ ಇಲೆವೆನ್‌ಗೆ. ಪ್ರತಿ ಸಲ ಎದುರಿನವರು ಕೈ ಚಾಚಿದಾಗ ನನ್ನ ಎದಿ ಧಡಧಡ ಅಂತಿತ್ತು. ಈ ಸಲ ಬ್ಯಾರೇ ಯಾರನ್ನರ ಕೊಡಲಿ ಅಂತ. ಒಂದ ಸಲನೂ ಅಂವ, ‘ಇವನ್ನ ಕೊಡಂಗಿಲ್ಲ, ಇಂವ ನಮಗ ಬೇಕು’ ಅನ್ನಲಿಲ್ಲ. ಬ್ಯಾಡಾದ ಸಾಮಾನು ಕೊಟ್ಟಂಗ ಕೊಟ್ಟುಬಿಡ್ತಿದ್ದ. ಆಮ್ಯಾಲ ನಾ ಚೊಲೋ ಆಡಿದ್ರ ಸಿಟ್ಟು.”

ಹೇಳುವಾಗ ‘ಶರಣಪ್ಪನವರು’ ಹೋಗಿ ‘ಅಂವ’ ಬಂದಿದ್ದು ಅವರಿಗೇ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಸಿಟ್ಟಿನಲ್ಲಾದರೂ ಹಳೇ ಗೆಳೆಯ ಬಾಯಿಗೆ ಬಂದನಲ್ಲ ಅಂತ ಸಮಾಧಾನವಾಯಿತು.

ಅಲ್ಲಿಂದ ನೆಟ್ಟಗೆ ಶರಣಪ್ಪಣ್ಣನ ಮನೆ. (ವಯಸ್ಸಾದ ಮೇಲೆ ಮನುಷ್ಯ ಮನೆಯಿಂದ ಮನೆಗೆ ಓಡಾಡುವ ಪೋಸ್ಟ್‌ಮನ್ ಆಗುತ್ತಾನೆ.) ಸೇಡಂ, ಚಿತ್ತಾಪುರ, ವಾಡಿ, ಮೂರೂ ಕಡೆಯ ಸುದ್ದಿ ಹೇಳಿದೆ. ಶರಣಪ್ಪಣ್ಣ ಎದ್ದು ನಿಂತರು. ಮೀಸೆ ನಡುಗುತ್ತಿತ್ತು.

“ಸೇಡಂನವರು ನಂಬರ್ ಒನ್ ಮಾಡ್ಯಾರಂದ್ರ? ಯಾರನ್ನ ಕೇಳಿ ಮಾಡಿದ್ರು? ಅಂವ ನಮ್ಮ ಊರಾಂವ. ನಮ್ಮ ಪಿಚ್ಚಿನ ಮ್ಯಾಲೆ ಕಲ್ತಾಂವ. ಉದ್ರಿ ಒಯ್ದದ್ದನ್ನ ತಮ್ಮದಂತ ಇಟ್ಕೊಳ್ಳೋದು ಯಾವ ನ್ಯಾಯ?”

ಬೆಳಿಗ್ಗೆಯಷ್ಟೇ ‘ನಮ್ಮ ಟೀಮಿನಾಗ ಯಾವಾಗ ಇದ್ದ’ ಅಂದಿದ್ದ ಮನುಷ್ಯ! ಪಕ್ಕದ ಮನೆಯವರು ಕೈ ಹಾಕುವವರೆಗೂ ನಮ್ಮ ವಸ್ತುವಿನ ಬೆಲೆ ನಮಗೆ ತಿಳಿಯುವುದೇ ಇಲ್ಲವೇ?

ಆದರೆ ಇಷ್ಟಕ್ಕೇ ಬಿಡಲು ನನಗೆ ಮನಸ್ಸಾಗಲಿಲ್ಲ. ಕೇಳಿಯೇಬಿಟ್ಟೆ. “ಅಣ್ಣಾ, ಅಷ್ಟು ನಮ್ಮಾಂವ ಇದ್ದರ ಪ್ರತಿ ಸಲ ಅವರನ್ನೇ ಯಾಕ ಕೊಡ್ತಿದ್ರಿ? ಬ್ಯಾರೇ ಯಾರನ್ನರ ಕೊಡಬಹುದಿತ್ತಲ್ಲ. ನನ್ನ ಕೊಡಬಹುದಿತ್ತು.”

ಶರಣಪ್ಪಣ್ಣ ನನ್ನನ್ನು ಒಮ್ಮೆ ನೋಡಿದರು. “ನಿನ್ನ ಕೊಟ್ಟಿದ್ರ ಅವರು ಕೇಸ್ ಹಾಕ್ತಿದ್ರು” ಅಂದರು. ಆಮೇಲೆ ಕೂತರು. ದನಿ ಇಳಿಯಿತು.

“ಶುರುವಿನಾಗ ಒಂದ ಸಲ ಚಂದ್ರುನ್ನ ಕೊಟ್ಟಿದ್ದೆ, ನೆನಪದ ಏನು? ಚಿತ್ತಾಪುರದವರಿಗೆ. ನನ್ನ ಕ್ಯಾಚು ಕೈಯಾಗ ಬಂದದ್ದು ಬಿಟ್ಟು, ಕಣ್ಣು ಹೊಡೆದ. ನಾವು ಗೆದ್ವಿ. ಅವರು ಏನೂ ಅನ್ನದ ಗಾಡಿ ಹತ್ತಿ ಹೋದ್ರು. ಅವತ್ತ ನನಗ ಊಟ ಹೋಗಲಿಲ್ಲ. ಮನಿಗೆ ಬಂದವರಿಗೆ ಹಳಸಿದ್ದು ಬಡಿಸಿದಂಗ ಆಯ್ತು. ಆವಾಗ ತಿಳೀತು, ಯಾರನ್ನ ಕೊಟ್ರೂ ಅವರು ಅಲ್ಲಿ ನಿಂತು ನಮಗಽ ಆಡ್ತಾರ. ರಸೂಲ್ ಒಬ್ಬ ಖರೇ ಆಡಾಂವ. ಯಾರ ಟೋಪಿ ಹಾಕ್ಯಾನೋ ಅವರಿಗೆ ಆಡಾಂವ. ಅದಕ್ಕ ಅವನ್ನ ಕೊಡ್ತಿದ್ದೆ.”

“ಮತ್ತ ಫೈನಲ್ ದಿವಸ ಹಂಗ್ಯಾಕ ಅಂದ್ರಿ?”

“ಗೊತ್ತಿದ್ದಽ ಕೊಟ್ಟಿದ್ದೆ. ಆದ್ರ ಸೋತ ಮ್ಯಾಲೆ ಹೊಟ್ಟಿ ಉರೀತು. ಬಾಯಿಗೆ ಬಂದದ್ದು ಅಂದುಬಿಟ್ಟೆ.”

“ಇದನ್ನ ಅವರಿಗೆ ಹೇಳ್ರಿ ಅಣ್ಣಾ. ಅವರು ಬ್ಯಾಡಾದ ಸಾಮಾನು ಅಂತ ತಿಳಕೊಂಡಾರ. ಒಂದ ಸಲನೂ ‘ಇವನ್ನ ಕೊಡಂಗಿಲ್ಲ, ಇಂವ ನಮಗ ಬೇಕು’ ಅನ್ನಲಿಲ್ಲ ಅಂತಾರ.”

ಅವರು ತಲೆ ಅಲ್ಲಾಡಿಸಿದರು. “ಇಷ್ಟು ವರ್ಷ ಆದ ಮ್ಯಾಲೆ ಯಾವ ಮುಖ ಇಟ್ಕೊಂಡು ಹೇಳ್ಲಿ? ನೀನೂ ಹೇಳಬ್ಯಾಡ.”

ನಾನು ಹೇಳಲಿಲ್ಲ. ಬೇರೆ ವಿಷಯಕ್ಕೆಲ್ಲ ಬಾಯಿ ಹಾಕುವವನಾದರೂ, ಇಂಥ ಮಾತು ಪೋಸ್ಟ್‌ಮನ್ ಮುಟ್ಟಿಸುವಂಥದ್ದಲ್ಲ ಅನ್ನಿಸಿತು. ಮುಟ್ಟಿಸಬೇಕಾದವರೇ ಮುಟ್ಟಿಸಬೇಕು. ಮುಟ್ಟಿಸದೆಯೇ ಇಬ್ಬರಲ್ಲೊಬ್ಬರು ಹೋಗಿಬಿಟ್ಟರೆ? ಆ ಯೋಚನೆ ಬಂದು ಎರಡು ದಿನ ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ಜ್ಯೋತಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಪಿಚ್ ಕೀಳುವ ಮುಂಚೆ ಅದರ ಮೇಲೆ ಒಂದು ಕೊನೆಯ ಮ್ಯಾಚ್ ಆಗಲಿ ಅಂತ ಅವಳು ಸೇಡಂನ ಹಿರಿಯರನ್ನು ಕರೆದಳು. ಬರುವುದಾದರೆ ಹಳೇ ಪದ್ಧತಿಯಂತೆ ರೈಲಿನಲ್ಲೇ ಬರ್ರಿ ಅಂತ ಹಟ ಹಿಡಿದಳು. ರಸೂಲ್ ಭಾಯ್ ಮನೆಗೂ ತಾನೇ ಹೋಗಿ, “ಕಾಕಾ, ನೀವು ಬರದಿದ್ರ ನಾ ಕಲ್ಲು ಕೀಳಿಸಂಗಿಲ್ಲ” ಅಂದಳಂತೆ. ಮಾಸ್ತರು ಟೀಚರ್ ಮಾತಿಗೆ ಇಲ್ಲ ಅನ್ನಲಾರದೆ ಬಂದರು.

ಭಾನುವಾರ ಬೆಳಿಗ್ಗೆ. ಕೊಡಪಾನದ ನೀರು ಬಿತ್ತು. ಚುಂಯ್ ಅನ್ನುವಷ್ಟು ಬಿಸಿಲು ಏರಿರಲಿಲ್ಲ, ಆದರೂ ವಾಸನೆ ಎದ್ದಿತು. ಪ್ಯಾಂಟಿನ ಮೇಲೆ ಹೊಟ್ಟೆ ಇಳಿದವರು, ಮೊಣಕಾಲಿಗೆ ಪಟ್ಟಿ ಕಟ್ಟಿದವರು, ಬೆನ್ನು ಬಗ್ಗಿದವರು. ಚರಂಡಿ ದಾಟುತ್ತಿದ್ದ ಗೆಳೆಯನೂ ಬಂದಿದ್ದ. ಸೇಡಂನವರು ಸ್ಟೇಷನ್ನಿನಿಂದ ಆಟೊಗಳಲ್ಲಿ ಇಳಿದರು.

ವೆಂಕಟರೆಡ್ಡಿಯವರು ತಮ್ಮವರನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ನಗುತ್ತಾ ನಮ್ಮ ಕಡೆ ಬಂದರು.

“ಒಬ್ಬ ಕಡಿಮಿ ಬಿದ್ದಾನ್ರಿ. ವಾಡ್ಯಾಗ ಚಾಕ್ಕ ಇಳಿದಾನ.”

ಎಲ್ಲರೂ ಹೋ ಅಂತ ನಕ್ಕೆವು. ನಕ್ಕು ಮುಗಿದ ಮೇಲೆ ಶರಣಪ್ಪಣ್ಣನ ಕಡೆ ನೋಡಿದೆವು. ಏನು ಆಗಬೇಕು ಅಂತ ಎಲ್ಲರಿಗೂ ಗೊತ್ತು. ರಸೂಲ್ ಭಾಯ್‌ಗೆ ಎಲ್ಲರಿಗಿಂತ ಮೊದಲೇ ಗೊತ್ತು. ಅವರು ಯಾರ ಮುಖವನ್ನೂ ನೋಡದೆ ಸೇಡಂನವರ ಕಡೆ ಹೆಜ್ಜೆ ಹಾಕಲು ಶುರು ಮಾಡಿಯೂ ಬಿಟ್ಟಿದ್ದರು.

“ನಿಂದ್ರು” ಅಂದರು ಶರಣಪ್ಪಣ್ಣ.

ರಸೂಲ್ ಭಾಯ್ ನಿಂತರು.

“ರೆಡ್ಡಿಯವರ, ಇವನ್ನ ಕೊಡಂಗಿಲ್ಲ. ಇಂವ ನಮಗ ಬೇಕು. ನಾ ಬರ್ತೀನಿ ನಡೀರಿ.”

ಸೇಡಂನವರ ಟೋಪಿ ಹಾಕಿಕೊಂಡು ನಮ್ಮ ಕ್ಯಾಪ್ಟನ್ ಅವರ ಸಾಲಿಗೆ ಹೋಗಿ ನಿಂತರು. ರಸೂಲ್ ಭಾಯ್ ಇದ್ದಲ್ಲೇ ಇದ್ದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನ್ನ ಕಣ್ಣಿಗೂ ಏನೋ ಬಿದ್ದಿತ್ತು. ಎರೆಮಣ್ಣಿನ ಧೂಳು ಅಂತ ಹೇಳಬಹುದಿತ್ತು, ಆದರೆ ಆಗತಾನೇ ನೀರು ಹಾಕಿದ್ದೆವಲ್ಲ.

ನಮ್ಮದು ಮೊದಲು ಬ್ಯಾಟಿಂಗ್. ಎರಡು ವಿಕೆಟ್ ಬಿದ್ದ ಮೇಲೆ ರಸೂಲ್ ಭಾಯ್ ಇಳಿದರು. ಫರಸಿ ಇಲೆವೆನ್ ಪರವಾಗಿ ಅವರು ಬ್ಯಾಟ್ ಹಿಡಿದದ್ದನ್ನು ನಾನು ಹಿಂದೆ ಕಂಡಿದ್ದರೂ ಮರೆತಿದ್ದೆ. ಒಂದು ಬಾಲನ್ನು ಎತ್ತಿ ಹೊಡೆದರು. ಅದು ಮೇಲೆ ಹೋಗಿ, ನಿಧಾನಕ್ಕೆ ತಿರುಗಿ, ನೆಟ್ಟಗೆ ಶರಣಪ್ಪಣ್ಣನ ಕಡೆಗೇ ಇಳಿಯಿತು. ಅವರು ಕದಲಬೇಕಾದದ್ದೇ ಇರಲಿಲ್ಲ. ಕೈಗೆ ತಂದಿಟ್ಟಂಥ ಕ್ಯಾಚು. ಬೊಗಸೆ ಹಿಡಿದರು. ಬಾಲ್ ಬೊಗಸೆಗೆ ಬಿತ್ತು. ಬೊಗಸೆ ಬಿಚ್ಚಿಕೊಂಡಿತು.

ವೆಂಕಟರೆಡ್ಡಿಯವರು ತಲೆಯ ಮೇಲೆ ಕೈ ಇಟ್ಟುಕೊಂಡರು. ನಮ್ಮ ಕಡೆ ಸೀಟಿ ಬಿತ್ತು. ರಸೂಲ್ ಭಾಯ್ ಓಡಲಿಲ್ಲ. ಪಿಚ್ಚಿನ ನಡುವೆ ನಿಂತು ಇಡೀ ಗ್ರೌಂಡಿಗೆ ಕೇಳುವಂತೆ ಕೂಗಿದರು.

“ಲೇ ಶರಣ್ಯಾ, ಬೇಇಮಾನಿ ಮಾಡ್ತೀ ಏನಲೇ? ಅವರ ಟೀಮಿನಾಗ ನಿಂತು ನಮಗ ಆಡ್ತೀ?”

ಶರಣಪ್ಪಣ್ಣ ಬಾಲ್ ಎತ್ತಿಕೊಳ್ಳಲೂ ಬಗ್ಗಲಿಲ್ಲ.

“ನನ್ನ ಕೈಲಿ ಆಗಲಿಲ್ಲಲೇ ರಸೂಲ್ಯಾ” ಅಂದರು. “ಯಾರ ಕೈಲೂ ಆಗ್ತಿದ್ದಿಲ್ಲ. ನಿನ್ನೊಬ್ಬನ ಕೈಲಿ ಆಗ್ತಿತ್ತು. ಅದಕ್ಕಽ ಪ್ರತಿ ಸಲ ನಿನ್ನ ಕೊಡ್ತಿದ್ದೆ.”

ರಸೂಲ್ ಭಾಯ್ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆಯಲು ಶುರು ಮಾಡಿದರು. ಅಂಪೈರ್ ಜ್ಯೋತಿ, “ಕಾಕಾ, ನಾಟ್ ಔಟ್ ರೀ, ಕ್ಯಾಚ್ ಬಿಟ್ಟಾರ” ಅಂದಳು.

“ನಿಮ್ಮಪ್ಪ ಬಿಟ್ಟಾನ, ನಾ ಬಿಟ್ಟಿಲ್ಲ. ಆ ಕ್ಯಾಚು ಸೇಡಂನವರದು. ನಾ ಔಟ್” ಅಂದರು ರಸೂಲ್ ಭಾಯ್.

ಹೋಗುವ ದಾರಿಯಲ್ಲಿ ಶರಣಪ್ಪಣ್ಣನ ಹತ್ತಿರ ನಿಂತು ಅವರ ಟೋಪಿಯನ್ನು ಎಳೆದು ಮೂಗಿನವರೆಗೆ ಇಳಿಸಿದರು. ಶಾಲೆಯ ಬೆಂಚಿನಲ್ಲಿ ಮಾಡುತ್ತಿದ್ದದ್ದೂ ಅದನ್ನೇ ಇರಬೇಕು.

ಅಷ್ಟರಲ್ಲಿ ವೆಂಕಟರೆಡ್ಡಿಯವರು ನನ್ನ ಹತ್ತಿರ ಬಂದರು. “ನಿಮ್ಮ ಕ್ಯಾಪ್ಟನ್ನ ವಾಪಸ್ ತಗೋರಿ. ಹ್ಯಾಂಗೂ ರಸೂಲ್ ಭಾಯ್ ಔಟ್ ಆಗ್ಯಾರ, ಅವರನ್ನ ಕೊಡ್ರಿ” ಅಂದರು.

“ಕೊಡಂಗಿಲ್ಲ ಅಂದೆನಲ್ಲ” ಅಂತ ಟೋಪಿಯ ಒಳಗಿಂದಲೇ ಶರಣಪ್ಪಣ್ಣ ಗುಡುಗಿದರು.

ಸೇಡಂನವರು ಗೆದ್ದರು. ಶರಣಪ್ಪಣ್ಣ ಅವರ ಪಾಲಿಗೆ ಇದ್ದೂ ಇಲ್ಲದಂತಿದ್ದರು, ಅದರ ಮೇಲೂ ಗೆದ್ದರು. ಎಲ್ಲರೂ ಕೂತು ಒಗ್ಗರಣೆ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ ತಿಂದೆವು. ಆ ‘ರೀ’ ಎಲ್ಲಿ ಹೋಯಿತೋ, ಇಬ್ಬರೂ ‘ಲೇ’ ‘ಲೇ’ ಅಂತ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುತ್ತಿದ್ದರು. ಮೂರು ಗಂಟೆಯ ಗಾಡಿಗೆ ಸೇಡಂನವರನ್ನು ಹತ್ತಿಸಲು ಹೋದವರೂ ಅವರಿಬ್ಬರೇ.

ಕಲ್ಲು ಈಗ ಗೇಟಿನ ಹತ್ತಿರ ನಿಂತಿದೆ. ಮೊದಲ ಹೆಸರು ರಸೂಲ್, ಎರಡನೆಯದು ಶರಣಪ್ಪ. ಬದಲಾಯಿಸಲು ಹೇಳಿದವರು ಶರಣಪ್ಪಣ್ಣನೇ. “ಕ್ಯಾಚು ಬಿಟ್ಟಾಂವ ನಂಬರ್ ಒನ್ ಹ್ಯಾಂಗ ಆಗ್ತಾನ?” ಅಂದರು. ಇನ್ನೂ ಕೆತ್ತಿಸದ ಉಳಿದ ಎಂಟು ಹೆಸರಿನ ಬಗ್ಗೆ ಜಗಳ ನಡೆದೇ ಇದೆ. ಹಿಂಡಿಯ ಡಬ್ಬಿ ಇನ್ನೂ ಬಂದಿಲ್ಲ.

ನಿಮ್ಮೂರಿನ ಟೀಮಿನಲ್ಲೂ, ನಿಮ್ಮ ಮನೆಯಲ್ಲೂ ನಂಬರ್ ಒನ್ ಯಾರು ಅನ್ನುವ ಅನುಮಾನ ಇದ್ದರೆ, ಒಮ್ಮೆ ಪಕ್ಕದ ಊರಿನವರನ್ನು ಕೇಳಿ ನೋಡಬಾರದೇಕೆ?